ಕಪ್ಪು ರೆಕ್ಕೆ ಮೇಲೆ ಕೆಂಪು ಚುಕ್ಕೆ ಕಂಡ ತಕ್ಷಣ ರೋಸ್ ಅನ್ಬೇಡಿ: ಕಾಮನ್ ಮಾರ್ಮನ್ ಹೆಣ್ಣನ್ನ ಗುರುತು ಹಿಡಿಯೋದು ಹೇಗೆ

ಎರಡು ವರ್ಷ ನಾನು ಒಂದು ಫೋಟೋಗೆ ಕ್ರಿಮ್ಸನ್ ರೋಸ್ ಅಂತ ಹೆಸರಿಟ್ಟು ಲ್ಯಾಪ್‌ಟಾಪಲ್ಲಿ ಇಟ್ಕೊಂಡಿದ್ದೆ, ಮನೆಗೆ ಬಂದೋರಿಗೆಲ್ಲ ತೋರ್ಸಿದ್ದೆ ಬೇರೆ. ಕಪ್ಪು ಚಿಟ್ಟೆ, ಮುಂದಿನ ರೆಕ್ಕೆ ಮೇಲೆ ಬಿಳಿ ಪಟ್ಟೆ, ಹಿಂದಿನ ರೆಕ್ಕೆ ತುಂಬ ಕೆಂಪು ಚುಕ್ಕೆ, ಪುಟ್ಟ ಬಾಲ, ಇನ್ನೇನು ಬೇಕು ಹೇಳಿ? ಒಂದಿನ ಅಕ್ಕನ ಮಗಳು, ಏಳನೇ ಕ್ಲಾಸು, ಅದನ್ನ ನೋಡಿ "ಮಾಮ, ಇದರ ಹೊಟ್ಟೆ ಕಪ್ಪಗಿದೆಯಲ್ಲ, ಕ್ರಿಮ್ಸನ್ ರೋಸ್‌ಗೆ ಮೈಯೆಲ್ಲ ಕೆಂಪು ಅಂತ ನೀನೇ ಹೇಳಿದ್ದೆ" ಅಂದ್ಲು. ಝೂಮ್ ಮಾಡಿ ನೋಡಿದೆ. ಕಪ್ಪಗೇ ಇತ್ತು. ಅದು ಕ್ರಿಮ್ಸನ್ ರೋಸ್ ಅಲ್ಲವೇ ಅಲ್ಲ, ಅದರ ವೇಷ ಹಾಕ್ಕೊಂಡಿರೋ ಕಾಮನ್ ಮಾರ್ಮನ್ ಹೆಣ್ಣು.

ಅವತ್ತಿಂದ ನಾನು ನೋಡೋ ಕ್ರಮನೇ ಬದಲಾಯ್ತು, ಅದನ್ನೇ ಇಲ್ಲಿ ಬರೀತಿದೀನಿ. ರೆಕ್ಕೆ ಗುರುತು ನೋಡಿ ಚಿಟ್ಟೆ ಗುರುತು ಹಿಡೀಬೇಕು ಅಂತ ಎಲ್ಲರೂ ಹೇಳ್ತಾರೆ, ಸರಿ, ಆದ್ರೆ ಈ ಒಂದು ಚಿಟ್ಟೆ ವಿಷಯದಲ್ಲಿ ರೆಕ್ಕೆ ಸುಳ್ಳು ಹೇಳೋಕಂತಲೇ ಇರೋದು, ಅದಕ್ಕೆ ಮೊದಲು ಮೈ ನೋಡಿ, ರೆಕ್ಕೆ ಆಮೇಲೆ.

ಮೊದಲು ಯಾರ್ಯಾರು ಅಂತ ತಿಳ್ಕೊಳ್ಳೋಣ. ಕಾಮನ್ ಮಾರ್ಮನ್ ಅಂದ್ರೆ ಪ್ಯಾಪಿಲಿಯೋ ಪಾಲಿಟಿಸ್, 1758ರಲ್ಲಿ ಲಿನೇಯಸ್ ಇಟ್ಟ ಹೆಸರು. ನಮ್ಮಲ್ಲಿ ಕರಿಬೇವು ನಿಂಬೆ ಗಿಡ ಇರೋ ಮನೆಗಳ ಸುತ್ತ ವರ್ಷಪೂರ್ತಿ ಕಾಣ್ಸತ್ತೆ, ಮಳೆ ಶುರುವಾದ ಮೇಲೆ ಇನ್ನೂ ಜಾಸ್ತಿ. ಗಂಡು ಒಂದೇ ಥರ. ಹೆಣ್ಣಲ್ಲಿ ಮೂರು ಥರ, ಮೂರಕ್ಕೂ ಹೆಸರಿದೆ: ಸೈರಸ್, ಸ್ಟಿಕಿಯಸ್, ರೋಮುಲಸ್. ಒಂದು ಗಂಡಿಗೆ ಮೂರು ಥರ ಹೆಂಡತಿಯರು ಇದ್ದ ಹಾಗೆ ಕಾಣ್ಸತ್ತಲ್ಲ, ಒಂದು ಕಾಲದಲ್ಲಿ ಬಹುಪತ್ನಿತ್ವ ಇಟ್ಕೊಂಡಿದ್ದ ಅಮೆರಿಕದ ಮಾರ್ಮನ್ ಪಂಥದವರ ಹೆಸರನ್ನ ಬ್ರಿಟಿಷರ ಕಾಲದಲ್ಲಿ ಅಂಟಿಸಿದ್ದು ಅದಕ್ಕೇ ಅಂತಾರೆ. ಈ ಮೂರು ಹೆಣ್ಣು ಒಂದೇ ಜಾತಿ ಅಂತ ಗೊತ್ತಾಗೋಕೇ ಕಾಲ ಹಿಡೀತು, ಮೊದಮೊದಲು ಬೇರೆ ಬೇರೆ ಜಾತಿ ಅಂತಲೇ ಹೆಸರು ಕೊಟ್ಟಿದ್ರು, 1865ರಲ್ಲಿ ಆಲ್ಫ್ರೆಡ್ ರಸೆಲ್ ವಾಲೇಸ್ ಇವೆಲ್ಲ ಒಂದೇ ಚಿಟ್ಟೆಯ ಹೆಣ್ಣುಗಳು ಅಂತ ವಿವರವಾಗಿ ಬರೆದ. ಹಾಗಾಗಿ ನೀವು ಏಮಾರಿದ್ರೆ ನಾಚ್ಕೋಬೇಡಿ.

ಸೈರಸ್ ಹೆಣ್ಣು ಗಂಡಿನ ಥರನೇ ಇರತ್ತೆ. ಸ್ಟಿಕಿಯಸ್ ಹೆಣ್ಣು ಕಾಮನ್ ರೋಸ್ ಅನ್ನೋ ಇನ್ನೊಂದು ಚಿಟ್ಟೆ ಥರ ವೇಷ ಹಾಕತ್ತೆ. ರೋಮುಲಸ್ ಹೆಣ್ಣು ಕ್ರಿಮ್ಸನ್ ರೋಸ್ ಥರ. ಕ್ರಿಮ್ಸನ್ ರೋಸ್ ಮುಖ್ಯವಾಗಿ ದಕ್ಷಿಣ ಭಾರತ ಮತ್ತೆ ಶ್ರೀಲಂಕಾದ ಚಿಟ್ಟೆ, ರೋಮುಲಸ್ ಕೂಡ ಅದು ಇರೋ ಕಡೆನೇ ಸಿಗತ್ತೆ. ಥಾಯ್ಲೆಂಡಲ್ಲೂ ಮಾರ್ಮನ್ ಇದೆ, ಆದ್ರೆ ಅಲ್ಲಿ ಈ ವೇಷ ಇಲ್ಲ, ಯಾಕಂದ್ರೆ ಕಾಪಿ ಹೊಡಿಯೋಕೆ ಒರಿಜಿನಲ್ಲೇ ಇಲ್ಲ. ಅಂದ್ರೆ ಮೂರೂ ಥರದ ಹೆಣ್ಣನ್ನ ಒಂದೇ ಊರಲ್ಲಿ ನೋಡೋ ಭಾಗ್ಯ ನಮ್ಮದು, ತಲೆನೋವೂ ನಮ್ಮದೇ.

ಈಗ ಕೆಲಸಕ್ಕೆ ಬರೋಣ. ಚಿಟ್ಟೆ ಕಂಡ ತಕ್ಷಣ ರೆಕ್ಕೆ ಕಡೆ ಕಣ್ಣು ಹೋಗತ್ತೆ, ಅದನ್ನ ತಡೀರಿ. ಮೈ ನೋಡಿ. ರೋಸ್‌ಗಳಿಗೆ ತಲೆ ಹತ್ರ ಕೆಂಪು ಇರತ್ತೆ, ಎದೆ ಪಕ್ಕದಲ್ಲಿ ಕೆಂಪು ಇರತ್ತೆ, ಹೊಟ್ಟೆ ಭಾಗದಲ್ಲೂ ಕೆಂಪು, ಕ್ರಿಮ್ಸನ್ ರೋಸಲ್ಲಂತೂ ಕುಂಕುಮದಲ್ಲಿ ಅದ್ದಿ ತೆಗ್ದಂಗೆ. ಮಾರ್ಮನ್ ಹೆಣ್ಣು ರೆಕ್ಕೆಗೆ ಎಷ್ಟೇ ಕೆಂಪು ಬಳ್ಕೊಂಡ್ರೂ ಮೈ ಮಾತ್ರ ಕಪ್ಪು, ತಲೆ ಎದೆ ಮೇಲೆ ಸಣ್ಣ ಬಿಳಿ ಚುಕ್ಕೆ ಇರತ್ತೆ ಅಷ್ಟೆ. ಮೂಲ ಚಿಟ್ಟೆಯನ್ನ ಇಷ್ಟು ಚೆನ್ನಾಗಿ ನಕಲು ಮಾಡಿದ್ದು ಮೈ ಬಣ್ಣ ಒಂದನ್ನ ಯಾಕೆ ಬಿಟ್ಟಿತೋ, ನಮ್ಮಂಥೋರಿಗೆ ಅದೇ ಅನುಕೂಲ ಆಯ್ತು ಬಿಡಿ.

ಈ ಒಂದು ಚೆಕ್ ಮಾಡಿದ್ರೆ ಮುಕ್ಕಾಲು ಕೆಲಸ ಮುಗೀತು. ತೊಂದರೆ ಏನಪ್ಪಾ ಅಂದ್ರೆ ಮೇಲಿಂದ ತೆಗ್ದ ಫೋಟೋದಲ್ಲಿ ರೆಕ್ಕೆ ಪೂರ್ತಿ ಚೆನ್ನಾಗಿ ಬಂದಿರತ್ತೆ, ಮೈ ಒಂದು ಕಪ್ಪು ಗೆರೆ ಥರ ಕಾಣ್ಸತ್ತೆ, ಯಾಕಂದ್ರೆ ಕಾಮನ್ ರೋಸ್‌ನ ಬೆನ್ನೂ ಕಪ್ಪೇ, ಕೆಂಪು ಇರೋದು ಪಕ್ಕದಲ್ಲಿ, ಕೆಳಗೆ, ಹೊಟ್ಟೆಯ ತುದಿಯಲ್ಲಿ. ಹಾಗಾಗಿ ಮೇಲಿಂದ ಒಂದು ಫೋಟೋ ಸಿಕ್ಕಿದ ಮೇಲೆ ಅಲ್ಲೇ ಖುಷಿಯಾಗಿ ನಿಲ್ಲಿಸ್ಬೇಡಿ, ನಿಧಾನಕ್ಕೆ ಕುಕ್ಕರುಗಾಲಲ್ಲಿ ಕೂತ್ಕೊಂಡು ಚಿಟ್ಟೆಯ ಮಟ್ಟಕ್ಕೆ ಫೋನ್ ಇಳಿಸಿ ಪಕ್ಕದಿಂದ ಒಂದು ತೆಗೀರಿ. ಹೂವಿನ ಮೇಲೆ ರಸ ಹೀರುವಾಗ ಈ ಜಾತಿಗಳು ರೆಕ್ಕೆ ಬಡಿಯೋದು ನಿಲ್ಸಲ್ಲ, ಅದಕ್ಕೆ ಒಂದೊಂದೇ ಕ್ಲಿಕ್ ಮಾಡೋದಕ್ಕಿಂತ ಬರ್ಸ್ಟ್ ಮೋಡಲ್ಲಿ ಇಪ್ಪತ್ತು ತೆಗೆದು ಹತ್ತೊಂಬತ್ತು ಡಿಲೀಟ್ ಮಾಡೋದು ವಾಸಿ. ಕ್ಯಾಮೆರಾ ಇದ್ರೆ ಶಟರ್ 1/1000 ಅಥವಾ ಇನ್ನೂ ಜೋರಾಗಿಡಿ. ನಡು ಮಧ್ಯಾಹ್ನದ ಬಿಸಿಲಲ್ಲಿ ಕೆಂಪು ಸುಟ್ಟೋಗಿ ಗುಲಾಬಿ ಥರ ಬರತ್ತೆ, ಸ್ವಲ್ಪ ಎಕ್ಸ್‌ಪೋಶರ್ ಇಳಿಸಿ.

ಮೈ ನೋಡಿ ಆಯ್ತು, ಈಗ ರೆಕ್ಕೆ. ರೋಸ್ ಅಂತ ಗೊತ್ತಾದ್ರೆ ಯಾವ ರೋಸ್ ಅಂತ ಹೇಳೋದು ಸುಲಭ, ನಾನು ನೆನಪಿಟ್ಕೊಂಡಿರೋದು ಹೀಗೆ: ಬಿಳಿ ಮುಂದಿದ್ರೆ ಕ್ರಿಮ್ಸನ್, ಬಿಳಿ ಹಿಂದಿದ್ರೆ ಕಾಮನ್. ಕ್ರಿಮ್ಸನ್ ರೋಸ್‌ಗೆ ಮುಂದಿನ ರೆಕ್ಕೆ ಮೇಲೆ ಬಿಳಿ ಪಟ್ಟೆ, ನಡುವೆ ಒಂದು ಉದ್ದಂದು, ತುದಿ ಹತ್ರ ಇನ್ನೊಂದು ಚಿಕ್ಕದು, ಎರಡೂ ಅಲ್ಲಲ್ಲಿ ಕಡಿದು ಕಡಿದು ಇರತ್ತೆ, ಹಿಂದಿನ ರೆಕ್ಕೆಯಲ್ಲಿ ಬಿಳಿ ಇಲ್ಲ, ಎರಡು ಸಾಲು ಕೆಂಪು, ಒಳಗಿನ ಸಾಲು ದೊಡ್ಡ ಚುಕ್ಕೆ, ಅಂಚಿನ ಸಾಲು ಅರ್ಧಚಂದ್ರದ ಥರ. ಕಾಮನ್ ರೋಸ್‌ಗೆ ಮುಂದಿನ ರೆಕ್ಕೆ ಮಸಿ ಬಣ್ಣ, ನರಗಳ ಮಧ್ಯೆ ಸ್ವಲ್ಪ ಮಾಸಲು, ಬಿಳಿ ಎಲ್ಲ ಹಿಂದಿನ ರೆಕ್ಕೆಯ ನಡುವೆ, ಅದರ ಹೊರಗೆ ಅಂಚಿನ ಉದ್ದಕ್ಕೂ ಕೆಂಪು. ಪಶ್ಚಿಮ ಘಟ್ಟದ ಕಡೆ ಹೋದ್ರೆ ಮೂರನೇದು ಒಂದಿದೆ, ಮಲಬಾರ್ ರೋಸ್, ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ, ಕಾಮನ್ ರೋಸ್ ಥರನೇ ಆದ್ರೆ ಹಿಂದಿನ ರೆಕ್ಕೆಯ ಬಿಳಿ ಇನ್ನೂ ದೊಡ್ಡದಾಗಿ ಹರಡಿರತ್ತೆ. ಪೇಟೆ ಮನೆ ತೋಟದಲ್ಲಿ ಅದರ ಚಿಂತೆ ಬೇಡ.

ಮೈ ಕಪ್ಪು ಅಂತ ಗೊತ್ತಾದ್ರೆ ಮಾರ್ಮನ್ ಕಡೆ ಬನ್ನಿ, ಅದೇ ಸೂತ್ರ ಇಲ್ಲೂ ನಡಿಯತ್ತೆ. ಮೈ ಕಪ್ಪು, ಬಿಳಿ ಮುಂದಿನ ರೆಕ್ಕೆಯಲ್ಲಿ, ಹಿಂದೆ ಬರೀ ಕೆಂಪು ಅಂದ್ರೆ ರೋಮುಲಸ್. ಮೈ ಕಪ್ಪು, ಬಿಳಿ ಹಿಂದಿನ ರೆಕ್ಕೆಯ ನಡುವೆ ಗುಂಪಾಗಿ, ಸುತ್ತ ಕೆಂಪು ಅಂದ್ರೆ ಸ್ಟಿಕಿಯಸ್. ರೋಮುಲಸ್‌ನ ಕೆಂಪು ಕ್ರಿಮ್ಸನ್ ರೋಸ್‌ನಷ್ಟು ಗಾಢ ಅಲ್ಲ, ಒಂಥರ ಒಗೆದು ಒಗೆದು ಮಾಸಿದ ಕೆಂಪು ಬಟ್ಟೆ ಹಂಗೆ, ಮುಂದಿನ ಬಿಳಿ ಪಟ್ಟೆಯೂ ಅಷ್ಟು ಶುಭ್ರ ಇರಲ್ಲ, ಅಂಚು ಅಲ್ಲಾಡ್ಸಿದ ಹಾಗಿರತ್ತೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೋರಿಗೆ ಮಾತ್ರ ಇದು ಕಣ್ಣಿಗೆ ಹೊಡಿಯತ್ತೆ, ಒಂದೇ ನೋಡಿದ್ರೆ ಗೊತ್ತಾಗಲ್ಲ, ಅದಕ್ಕೇ ಬಣ್ಣ ಕೊನೇ ಸಾಕ್ಷಿ ಅಷ್ಟೆ, ಮೊದಲನೇದಲ್ಲ. ಹಳೇ ಚಿಟ್ಟೆಗಳಲ್ಲಿ ರೆಕ್ಕೆ ಪುಡಿ ಉದುರಿ ಕ್ರಿಮ್ಸನ್ ರೋಸೂ ಮಾಸಲಾಗೇ ಕಾಣ್ಸತ್ತೆ. ಆ ಪುಡಿ ಅಂದ್ರೆ ಸುಮ್ಮನೆ ಧೂಳಲ್ಲ, ಹೆಂಚು ಹೊದ್ಸಿದಂಗೆ ಸಾಲಾಗಿ ಜೋಡ್ಸಿರೋ ಸಣ್ಣ ಸಣ್ಣ ಪೊರೆಗಳು, ಬಣ್ಣ ಇರೋದೇ ಅವುಗಳಲ್ಲಿ, ಒಂದು ಸಲ ಉದುರಿದ್ರೆ ಮತ್ತೆ ಬರಲ್ಲ. ಅದಕ್ಕೆ ದಯವಿಟ್ಟು ಹಿಡಿದು ನೋಡೋ ಅಭ್ಯಾಸ ಬೇಡ.

ಇನ್ನು ಗಂಡು ಮತ್ತೆ ಸೈರಸ್. ಇಲ್ಲಿ ವೇಷ ಇಲ್ಲ, ಕಷ್ಟ ಬೇರೆ ಥರದ್ದು. ಎರಡಕ್ಕೂ ಕಪ್ಪು ರೆಕ್ಕೆ, ಹಿಂದಿನ ರೆಕ್ಕೆ ಮೇಲೆ ಅಡ್ಡಡ್ಡ ಒಂದು ಸಾಲು ಬಿಳಿ ಮಚ್ಚೆ, ಮಲ್ಲಿಗೆ ಮೊಗ್ಗು ಪೋಣಿಸಿದಂಗೆ. ಮುಂದಿನ ರೆಕ್ಕೆಯ ಹೊರ ಅಂಚಲ್ಲಿ ಸಣ್ಣ ಬಿಳಿ ಚುಕ್ಕೆಗಳು, ತುದಿ ಕಡೆ ಹೋಗ್ತಾ ಹೋಗ್ತಾ ಚಿಕ್ಕದಾಗತ್ತೆ. ವ್ಯತ್ಯಾಸ ಹುಡುಕ್ಬೇಕಾದ್ದು ಹಿಂದಿನ ರೆಕ್ಕೆಯ ಅಂಚಲ್ಲಿ: ಸೈರಸ್‌ಗೆ ಅಲ್ಲಿ ಕೆಂಪು ಅರ್ಧಚಂದ್ರಗಳು ಎದ್ದು ಕಾಣ್ಸತ್ತೆ, ಗಂಡಿಗೆ ಇರಲ್ಲ ಇಲ್ಲಾ ತುಂಬ ಮಂಕು. ಕೆಲವು ದೊಡ್ಡ ಗಂಡುಗಳಲ್ಲಿ ಸ್ವಲ್ಪ ಕೆಂಪು ಇರೋದುಂಟು, ಅಲ್ಲಿ ಮಾತ್ರ ನಡವಳಿಕೆ ನೋಡಿ ತೀರ್ಮಾನ ಮಾಡ್ಬೇಕಾಗತ್ತೆ. ಮಳೆ ನಿಂತ ಮೇಲೆ ರಸ್ತೆ ಪಕ್ಕ ಒದ್ದೆ ಮಣ್ಣಿನ ಮೇಲೆ ಕೂತು ನೀರು ಹೀರ್ತಿದ್ರೆ ಬಹುಪಾಲು ಗಂಡು, ಅವು ಉಪ್ಪಿನಂಶಕ್ಕೆ ಬರೋದು. ಎಲೆ ಎಲೆ ಮುಟ್ಟಿ ಮುಟ್ಟಿ ಗಿಡ ಸುತ್ತುತಿದ್ರೆ ಹೆಣ್ಣು. ಮಲೆನಾಡಲ್ಲಿ ಗಂಡು ಮಾರ್ಮನ್ನ ರೆಡ್ ಹೆಲೆನ್ ಜೊತೆ ಗೊಂದಲ ಮಾಡ್ಕೊಳ್ಳೋರು ಇದಾರೆ, ರೆಡ್ ಹೆಲೆನ್ ದೊಡ್ಡದು, ಅದಕ್ಕೆ ಹಿಂದಿನ ರೆಕ್ಕೆಯಲ್ಲಿ ಪೂರ್ತಿ ಸಾಲು ಇರಲ್ಲ, ಮೇಲಿನ ಭಾಗದಲ್ಲಿ ಒಂದೇ ಕಡೆ ಬಿಳಿ ಮಚ್ಚೆ ಒತ್ತಾಗಿರತ್ತೆ.

ಹಾರೋದು ನೋಡಿನೂ ಹೇಳ್ಬಹುದು, ನನಗೆ ಈಗೀಗ ಇದೇ ಇಷ್ಟ. ರೋಸ್‌ಗಳು ಆರಾಮಾಗಿ ಹಾರ್ತವೆ, ಒಂದೇ ಎತ್ತರದಲ್ಲಿ, ಯಾರ ಭಯನೂ ಇಲ್ಲದ ಹಾಗೆ. ಭಯ ಯಾಕಿರತ್ತೆ ಹೇಳಿ, ಅವುಗಳ ಹುಳ ತಿಂದು ಬೆಳೆಯೋದು ಈಶ್ವರಿ ಬಳ್ಳಿ, ಆ ಬಳ್ಳಿಯಲ್ಲಿರೋ ಅರಿಸ್ಟೊಲೋಕಿಕ್ ಆಸಿಡ್ ಅನ್ನೋ ವಿಷ ಮೈಯಲ್ಲೇ ಉಳ್ಕೊಳತ್ತೆ, ಒಂದು ಸಲ ಬಾಯಿಗೆ ಹಾಕ್ಕೊಂಡ ಹಕ್ಕಿ ಮತ್ತೆ ಆ ಕೆಂಪು ಕಪ್ಪು ಕಂಡ್ರೆ ದೂರ. ಮಾರ್ಮನ್ ಬೆಳೆಯೋದು ಕರಿಬೇವು ನಿಂಬೆ ತಿಂದು, ವಿಷ ಗಿಷ ಏನೂ ಇಲ್ಲ, ಹಕ್ಕಿಗೆ ಒಳ್ಳೇ ಊಟ, ಅದಕ್ಕೇ ಈ ವೇಷ. ಇಂಥ ವೇಷದ ಬಗ್ಗೆ 1862ರಲ್ಲಿ ಮೊದಲು ವಿವರಿಸಿದ್ದು ಹೆನ್ರಿ ವಾಲ್ಟರ್ ಬೇಟ್ಸ್, ಅಮೆಜಾನ್ ಕಾಡಿನ ಚಿಟ್ಟೆಗಳನ್ನ ನೋಡಿ, ಅವನ ಹೆಸರಲ್ಲೇ ಬೇಟ್ಸಿಯನ್ ಮಿಮಿಕ್ರಿ ಅಂತಾರೆ. ಆದ್ರೆ ಬಟ್ಟೆ ಬದಲಾಯಿಸಿದ್ರೂ ನಡಿಗೆ ಬದಲಾಗಲ್ಲ ನೋಡಿ, ಮಾರ್ಮನ್ ಹೆಣ್ಣಿಗೆ ಏನಾದ್ರೂ ಗಾಬರಿ ಆದ್ರೆ ಸರ್ರನೆ ಮೇಲೆ ಕೆಳಗೆ ಅಡ್ಡಾದಿಡ್ಡಿ ಹಾರಿ ಬೇಲಿ ದಾಟಿಬಿಡತ್ತೆ. ಗಾಬರಿ ಆಗದೆ ಇದ್ದಾಗ ಮಾತ್ರ ರೋಸ್ ಥರ ನಿಧಾನ. ಹಾಗಾಗಿ ಹಾರಾಟ ಒಂದನ್ನೇ ನಂಬ್ಬೇಡಿ, ಮೈ ಬಣ್ಣದ ಜೊತೆ ಸೇರ್ಸಿ ನೋಡಿ.

ಮೈ ಕಾಣ್ಲಿಲ್ಲ, ಫೋಟೋ ಮಬ್ಬು, ಹಾರಾಟ ಅರ್ಥ ಆಗ್ಲಿಲ್ಲ, ಆಗ? ಗಿಡ ನೋಡಿ. ಮೊಟ್ಟೆ ಇಡೋ ಗಿಡದ ಹತ್ರ ಯಾರೂ ವೇಷ ಹಾಕೋಕಾಗಲ್ಲ. ಹೂವಿನ ಮೇಲೆ ಎಲ್ಲರೂ ಬರ್ತಾರೆ, ಲಾಂಟಾನ, ಕೇಪಳ, ದಾಸವಾಳ ಎಲ್ಲದಕ್ಕೂ ರೋಸೂ ಬರತ್ತೆ ಮಾರ್ಮನ್ನೂ ಬರತ್ತೆ, ಅದರಿಂದ ಏನೂ ಗೊತ್ತಾಗಲ್ಲ. ಆದ್ರೆ ಮೊಟ್ಟೆ ಇಡೋಕೆ ಮಾರ್ಮನ್ ಕರಿಬೇವು, ನಿಂಬೆ, ಬಿಲ್ವ ಈ ಕುಟುಂಬದ ಗಿಡಕ್ಕೇ ಬರ್ಬೇಕು, ರೋಸ್ ಈಶ್ವರಿ ಬಳ್ಳಿ ಕುಟುಂಬಕ್ಕೇ ಹೋಗ್ಬೇಕು.

ನಾನು ಇದನ್ನ ಕಣ್ಣಾರೆ ನೋಡಿದ್ದು ಒಂದು ಬೆಳಗ್ಗೆ, ರಾತ್ರಿ ಮಳೆ ಬಂದು ಬಿಟ್ಟಿತ್ತು, ಹಿತ್ತಲಲ್ಲಿ ಕರಿಬೇವು ಕೀಳೋಕೆ ಹೋಗಿದ್ದೆ. ಅಚ್ಚು ಕ್ರಿಮ್ಸನ್ ರೋಸ್ ಥರದ್ದು ಒಂದು ಬಂತು. ಮೇಲಿನ ಬಲಿತ ಎಲೆ ಬಿಟ್ಟು ಎಳೆ ಚಿಗುರಿಗೆ ಬಂತು, ಕಾಲಲ್ಲಿ ಎಲೆ ಮೇಲೆ ತಬಲಾ ಬಾರಿಸ್ದಂಗೆ ಟಪಟಪ ಬಡೀತು, ಇದು ಕರಿಬೇವೇನಾ ಅಂತ ಕಾಲಲ್ಲೇ ರುಚಿ ನೋಡೋದು ಅದು. ರೆಕ್ಕೆ ನಡುಗಿಸ್ತಾನೇ ಹೊಟ್ಟೆ ಬಗ್ಗಿಸಿ ಎಲೆಗೆ ಮುಟ್ಟಿಸ್ತು, ಒಂದು ಸೆಕೆಂಡೂ ಇಲ್ಲ, ಹಾರ್ಹೋಯ್ತು. ಬಗ್ಗಿ ನೋಡಿದ್ರೆ ಎಲೆ ಮೇಲೆ ಗಸಗಸೆಗಿಂತ ಸ್ವಲ್ಪ ದೊಡ್ಡ ತಿಳಿ ಹಳದಿ ಮೊಟ್ಟೆ, ಒಂದೇ ಒಂದು. ಆ ಬಗ್ಗಿದ ಹೊಟ್ಟೆ ಕಪ್ಪಗಿತ್ತು ಅಂತ ಬೇರೆ ಹೇಳ್ಬೇಕಾ. ಒಳಗಿಂದ ಅಮ್ಮ "ಕರಿಬೇವು ತರೋಕೆ ಹೋದೋನು ಅಲ್ಲೇ ಬೇರು ಬಿಟ್ಟ್ಯಾ" ಅಂತ ಕೂಗ್ತಿದ್ರು, ಒಗ್ಗರಣೆ ಸೀದಿತ್ತು.

ಆ ಮೊಟ್ಟೆನ ಬಿಡಬೇಡಿ, ಗುರುತು ಹಿಡಿಯೋದನ್ನ ಕಲಿಯೋಕೆ ಅದಕ್ಕಿಂತ ಒಳ್ಳೇ ದಾರಿ ಇಲ್ಲ. ಮೂರ್ನಾಲ್ಕು ದಿನದಲ್ಲಿ ಹುಳ ಬರತ್ತೆ, ಮೊದಲು ಕಂದು ಬಿಳಿ ಮಿಶ್ರ, ನೋಡೋಕೆ ಥೇಟ್ ಹಕ್ಕಿ ಹಿಕ್ಕೆ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಹಸಿರಾಗತ್ತೆ, ಎದೆ ಮೇಲೆ ಕಣ್ಣಿನ ಥರ ಗುರುತು, ಪಕ್ಕದಲ್ಲಿ ಓರೆ ಪಟ್ಟೆ. ಇಲ್ಲೊಂದು ಎಚ್ಚರಿಕೆ, ಅದೇ ಕರಿಬೇವು ನಿಂಬೆ ಮೇಲೆ ಲೈಮ್ ಬಟರ್‌ಫ್ಲೈ ಹುಳನೂ ಇರತ್ತೆ, ಹೆಚ್ಚುಕಮ್ಮಿ ಇದೇ ಥರ. ಬ್ರಶ್ ತುದಿಯಲ್ಲಿ ಮೆಲ್ಲಗೆ ಬೆನ್ನು ಮುಟ್ಟಿ, ತಲೆ ಹಿಂದಿಂದ ಕವೆ ಥರ ಎರಡು ಕೊಂಬು ಹೊರಗೆ ಹಾಕಿ ಘಾಟು ವಾಸನೆ ಬಿಡತ್ತೆ. ಆ ಕೊಂಬು ಕೆಂಪಿದ್ರೆ ಮಾರ್ಮನ್, ಕಿತ್ತಳೆ ಬಣ್ಣ ಇದ್ರೆ ಲೈಮ್. ಪದೇ ಪದೇ ಮಾಡ್ಬೇಡಿ, ಪಾಪ ಅದಕ್ಕೆ ಸುಸ್ತಾಗತ್ತೆ. ರೋಸ್‌ಗಳ ಹುಳ ಬೇರೆನೇ ಲೋಕ, ಕಪ್ಪು ನೇರಳೆ ಮೈ ಮೇಲೆಲ್ಲ ಕೆಂಪು ಮೊಳಕೆ ಮೊಳಕೆ, ಕಾಮನ್ ರೋಸಾದ್ರೆ ನಡು ಮೈಗೆ ಬಿಳಿ ಪಟ್ಟಿ ಬೆಲ್ಟ್ ಹಾಕ್ದಂಗೆ ಇರತ್ತೆ, ಕ್ರಿಮ್ಸನ್‌ಗೆ ಆ ಬೆಲ್ಟ್ ಇಲ್ಲ.

ಸಾಕೋದು ಕಷ್ಟ ಇಲ್ಲ. ಬಾಯಿಗೆ ಸೊಳ್ಳೆ ಪರದೆ ಬಟ್ಟೆ ಕಟ್ಟಿದ ಡಬ್ಬ, ಒಳಗೆ ದಿನಾ ತಾಜಾ ಎಲೆ, ಕೆಳಗೆ ಟಿಶ್ಯೂ ಪೇಪರ್, ಹಿಕ್ಕೆ ದಿನಾ ಚೆಲ್ಲಬೇಕು ಇಲ್ಲಾಂದ್ರೆ ಬೂಸ್ಟು ಬರತ್ತೆ. ಅಂಗಡಿಯಿಂದ ತಂದ ಕರಿಬೇವು ಮಾತ್ರ ಹಾಕ್ಬೇಡಿ, ಔಷಧಿ ಹೊಡ್ದಿರ್ತಾರೆ, ನಾನು ಒಂದು ಸಲ ಗಿಡದಲ್ಲಿ ಎಲೆ ಇಲ್ಲ ಅಂತ ಹಾಕಿ ಮೂರು ಹುಳ ಸಾಯ್ಸಿದೀನಿ. ಕೋಶ ಕಟ್ಟೋಕೆ ಒಂದು ಕಡ್ಡಿ ಓರೆಯಾಗಿ ಇಟ್ಟಿರಿ, ಹಸಿರು ಕೋಶನೂ ಆಗ್ಬಹುದು ಕಂದು ಕೋಶನೂ ಆಗ್ಬಹುದು, ಎರಡೂ ಸರಿನೇ. ಒಂದೊಂದು ಸಲ ಕೋಶದಿಂದ ಚಿಟ್ಟೆ ಬದಲು ಸಣ್ಣ ಕಣಜಗಳ ಹಿಂಡು ಬರತ್ತೆ, ಏನೂ ಮಾಡೋಕಾಗಲ್ಲ.

ಇದರಲ್ಲಿ ಮಜಾ ಏನು ಅಂದ್ರೆ ರೋಮುಲಸ್ ತಾಯಿ ಇಟ್ಟ ಮೊಟ್ಟೆಗಳಿಂದ ಬರೋ ಹೆಣ್ಣುಮಕ್ಕಳೆಲ್ಲ ರೋಮುಲಸೇ ಆಗ್ಬೇಕಂತಿಲ್ಲ. ಅಕ್ಕ ಸೈರಸ್, ತಂಗಿ ರೋಮುಲಸ್ ಆಗ್ಬಹುದು. ಯಾವ ವೇಷ ಅನ್ನೋದನ್ನ ನಿರ್ಧಾರ ಮಾಡೋದು ಡಬಲ್‌ಸೆಕ್ಸ್ ಅನ್ನೋ ಒಂದೇ ಜೀನ್, ಸ್ವಿಚ್ ಹಾಕ್ದಂಗೆ ಇಡೀ ರೆಕ್ಕೆ ವಿನ್ಯಾಸ ಬದಲಾಯಿಸ್ಬಿಡತ್ತೆ, 2014ರಲ್ಲಿ ಇದನ್ನ ತೋರ್ಸಿಕೊಟ್ಟ ತಂಡದಲ್ಲಿ ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಕೃಷ್ಣಮೇಘ ಕುಂಟೆ ಅವರೂ ಇದ್ರು. ಗಂಡಿನಲ್ಲೂ ಆ ಜೀನ್ ಇರತ್ತೆ, ಆದ್ರೆ ಅವನ ರೆಕ್ಕೆ ಮೇಲೆ ಏನೂ ಕಾಣ್ಸಲ್ಲ, ಮಗಳಿಗೆ ದಾಟಿಸ್ತಾನೆ ಅಷ್ಟೆ. ಹಾಗಾಗಿ ತಾಯಿನ ನೋಡಿ ಮಗಳು ಹೀಗೇ ಇರ್ತಾಳೆ ಅಂತ ಬೆಟ್ ಕಟ್ಬೇಡಿ, ನಾನು ಅಕ್ಕನ ಮಗಳ ಹತ್ರ ಕಟ್ಟಿ ಒಂದು ಐಸ್‌ಕ್ರೀಮ್ ಸೋತಿದೀನಿ.

ಕೋಶ ಆಗಿ 10-12 ದಿನಕ್ಕೆ, ಹೆಚ್ಚುಕಮ್ಮಿ, ಒಂದು ಸಂಜೆ ಅದು ಕಪ್ಪಗೆ ತಿರುಗತ್ತೆ. ಸತ್ತೋಯ್ತು ಅಂತ ಎಸೀಬೇಡಿ, ಸಿಪ್ಪೆ ತೆಳ್ಳಗಾಗಿ ಒಳಗಿನ ರೆಕ್ಕೆ ಕಾಣ್ತಿರೋದು ಅದು. ಟಾರ್ಚ್ ಪಕ್ಕದಿಂದ ಹಿಡಿದು ನೋಡಿ, ಉಗುರಿನಷ್ಟು ಜಾಗದಲ್ಲಿ ರೆಕ್ಕೆ ಮಡಚಿ ಇಟ್ಟಿರತ್ತೆ, ಬಿಳಿ ಗೆರೆ ಇದ್ರೆ ಅಲ್ಲೇ ಗೊತ್ತಾಗತ್ತೆ. ಆದ್ರೆ ಹೊರಗಡೆಗೆ ಇರೋದು ಮುಂದಿನ ರೆಕ್ಕೆ, ಹಿಂದಿನದು ಅದರ ಅಡಿಯಲ್ಲಿ ಮುಚ್ಚಿರತ್ತೆ, ಕೆಂಪು ಇದೆಯೋ ಇಲ್ವೋ ಅನ್ನೋದಕ್ಕೆ ಬೆಳಗ್ಗೆ ತನಕ ಕಾಯ್ಲೇಬೇಕು. ಅಲಾರಂ ಇಟ್ಕೊಳ್ಳಿ, ಬಿಸಿಲೇರೋ ಹೊತ್ತಿಗೆ ರೆಕ್ಕೆ ಒಣಗಿಸ್ಕೊಂಡು ಹೊರಟೋಗಿರತ್ತೆ.